ಸಾರಿ ಎಂದರೆ ಸಾಕೆ?

ದಿನಕ್ಕೆ ಎಷ್ಟು ಸಲ ನಾವು ‘ಸಾರಿ’ ಎನ್ನುತ್ತೇವೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ, ಕಾಫಿಗೆ ಸಕ್ಕರೆ ಮರೆತರೂ ಸಾರಿ. ಇಂಗ್ಲಿಷ್ ಬಾರದ ನಮ್ಮ ಅತ್ತೆಯವರ ಬಾಯಲ್ಲೂ ಅದು ಕನ್ನಡದ ಮಾತೇ ಆಗಿಬಿಟ್ಟಿದೆ.

ಇಂಗ್ಲಿಷ್ ಕಲಿಸುವ ನಾನೂ ಅದನ್ನು ಅಷ್ಟೇ ಸಲೀಸಾಗಿ ಬಳಸುತ್ತಿದ್ದೆ. ಒಮ್ಮೆ ಎಂಟನೆಯ ತರಗತಿಯ ಮಕ್ಕಳಿಂದ ಕೂಡಿಸಿದ ಪ್ರವಾಸದ ಹಣದಲ್ಲಿ 500 ರೂಪಾಯಿಯ ನೋಟೊಂದು ಕಡಿಮೆ ಬಂತು. ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ನಿಂತಿದ್ದುದು ನೆನಪಾಗಿ, ಎಲ್ಲರೆದುರು ಅವಳ ಚೀಲ ಬರಿದು ಮಾಡಿಸಿದೆ. ಅವಳ ತಾಯಿ ಮನೆಗೆಲಸಕ್ಕೆ ಹೋಗುವವರು ಎಂಬುದೂ ನನ್ನ ಅನುಮಾನಕ್ಕೆ ಇಂಬು ಕೊಟ್ಟಿತ್ತೆಂದು ಈಗ ಒಪ್ಪಿಕೊಳ್ಳಬೇಕು. ರಾತ್ರಿ ನೋಡಿದರೆ ನೋಟು ನನ್ನ ಪಾಠ ಟಿಪ್ಪಣಿಯ ಪುಸ್ತಕದೊಳಗೇ ಇತ್ತು.

ಮರುದಿನ ಶಾಲೆಯ ಜಗಲಿಯಲ್ಲಿ ಅವಳೊಬ್ಬಳೇ ಸಿಕ್ಕಾಗ, “ಸಾರಿ ಕಣಮ್ಮ” ಎಂದೆ. “ಪರವಾಗಿಲ್ಲ ಮಿಸ್” ಎಂದಳು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಅಂದಿನಿಂದ ಅವಳು ನನ್ನ ತರಗತಿಯಲ್ಲಿ ಉತ್ತರ ಹೇಳಲು ಕೈ ಎತ್ತುವುದನ್ನೇ ಬಿಟ್ಟಳು.

ಅದೇ ದಿನಗಳಲ್ಲಿ ನಿಘಂಟು ತಿರುವುತ್ತಿದ್ದಾಗ ಈ ಶಬ್ದದ ಹುಟ್ಟು ಕಣ್ಣಿಗೆ ಬಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದು ‘ಸಾರಿಗ್’. ‘ಸಾರ್’ ಎಂದರೆ ಗಾಯ, ನೋವು. ‘ಸಾರಿಗ್’ ಎಂದರೆ ನೋವು ತುಂಬಿದ ಎಂದರ್ಥ. ಇಂದು ಹುಣ್ಣಿಗೆ ಹೇಳುವ ‘ಸೋರ್’ ಇದರ ಒಡಹುಟ್ಟು. ದುಃಖ ಎಂಬರ್ಥದ ‘ಸಾರೋ’ ಕೇಳಲು ಹತ್ತಿರವೆನಿಸಿದರೂ ಅದರ ಮೂಲ ಬೇರೆ. ಅಂದಮೇಲೆ ಸಾರಿ ಎನ್ನುವವರ ಒಳಗೆ ಒಂದು ಗಾಯ ನೋಯುತ್ತಿರಬೇಕು. ನನಗೆಲ್ಲಿ ನೋವಾಗಿತ್ತು? ಮುಜುಗರವಾಗಿತ್ತು, ಅಷ್ಟೆ.

ನಮ್ಮ ‘ಕ್ಷಮಿಸು’ ಎಂಬ ಮಾತಿನ ಸಂಸ್ಕೃತ ಮೂಲಕ್ಕೆ ಸಹಿಸು, ತಾಳಿಕೋ ಎಂಬ ಅರ್ಥವಿದೆ. ಭೂಮಿಗೂ ಕ್ಷಮಾ ಎಂಬ ಹೆಸರುಂಟು. ಆದರೆ ತಪ್ಪು ಮಾಡಿದವಳು ನಾನು, ತಾಳಿಕೊಳ್ಳಬೇಕಾದವಳು ಅವಳೇ? ಹೆಣ್ಣುಮಕ್ಕಳಿಗೆ ತಾಳಿಕೆಯ ಪಾಠವನ್ನು ಮನೆಯವರೇ ಸಾಕಷ್ಟು ಕಲಿಸಿರುತ್ತಾರೆ, ಟೀಚರೂ ಕಲಿಸಬೇಕಾಗಿಲ್ಲ.

‘ತಪ್ಪಾಯಿತು’ ಎಂಬ ಕನ್ನಡದ ಮಾತು ನನಗೆ ಹೆಚ್ಚು ಪ್ರಾಮಾಣಿಕವೆನಿಸಿತು. ದಾರಿ ತಪ್ಪಿತು, ಗುರಿ ತಪ್ಪಿತು ಎನ್ನುವಾಗಿನ ತಪ್ಪು ಅದು. ಎದುರಿನವರಿಂದ ಏನನ್ನೂ ಬೇಡುವುದಿಲ್ಲ. ಆದರೂ ‘ಆಯಿತು’ ಎಂದರೆ ತಾನಾಗಿಯೇ ಆದಂತೆ ಕೇಳಿಸುತ್ತದಲ್ಲ! ಅವಮಾನ ಮಾಡಿದ್ದು ಇಡೀ ತರಗತಿಯ ಎದುರು, ಸಾರಿ ಹೇಳಿದ್ದು ಮಾತ್ರ ಯಾರೂ ಇಲ್ಲದ ಜಗಲಿಯಲ್ಲಿ. ಅದೂ ಅರಿವಿಗೆ ಬಂತು.

ಮುಂದಿನ ಸೋಮವಾರ ಪಾಠ ಶುರು ಮಾಡುವ ಮೊದಲು ಎಲ್ಲ ಮಕ್ಕಳೆದುರು ಅವಳ ಹೆಸರು ಹಿಡಿದು, “ಹಣ ನನ್ನ ಪುಸ್ತಕದಲ್ಲೇ ಇತ್ತು. ನಾನು ತಪ್ಪು ಮಾಡಿದೆ” ಎಂದೆ. ನನ್ನ ಗಂಟಲು ಕಟ್ಟಿತು. ಅವಳು ತಲೆ ಎತ್ತಲಿಲ್ಲ. ಆ ವರ್ಷ ಮುಗಿಯುವವರೆಗೂ ಕೈ ಎತ್ತಲಿಲ್ಲ. ಅದು ಅವಳ ಹಕ್ಕು. ನಾನು ಒಪ್ಪಿಕೊಂಡ ಮಾತ್ರಕ್ಕೆ ಅವಳು ಮರೆಯಲೇಬೇಕೆಂದೇನಿಲ್ಲ.

ಬಸ್ಸಿನಲ್ಲಿ ಕಾಲು ತುಳಿದರೆ ಈಗಲೂ ಸಾರಿ ಎನ್ನುತ್ತೇನೆ. ಆದರೆ ಯಾರನ್ನಾದರೂ ನಿಜವಾಗಿ ನೋಯಿಸಿದಾಗ, ಆ ಶಬ್ದ ನಾಲಿಗೆಯ ತುದಿಗೆ ಬಂದರೂ ಒಂದು ಕ್ಷಣ ತಡೆದು, ನನಗೂ ನೋಯುತ್ತಿದೆಯೇ ಎಂದು ಮೊದಲು ನೋಡಿಕೊಳ್ಳುತ್ತೇನೆ.