ಬಾಯಿ ಮುಚ್ಚಿಸುವುದು ಉತ್ತರವಲ್ಲ

2020ರ ಜನವರಿಯಲ್ಲಿ ಶೃಂಗೇರಿಯಲ್ಲಿ ಚಿಕ್ಕಮಗಳೂರು ಜಿಲ್ಲಾ ಸಾಹಿತ್ಯ ಸಮ್ಮೇಳನ ಸೇರಿತು. ಅಧ್ಯಕ್ಷರು ಕಲ್ಕುಳಿ ವಿಠಲ ಹೆಗ್ಡೆ. ನಕ್ಸಲರ ಪರ ಎಂಬ ಆರೋಪ ಹೊರಿಸಿ ಕೆಲವರು ಕೂಗೆಬ್ಬಿಸಿದರು. ಅನುದಾನ ನಿಂತಿತು. ಪೊಲೀಸ್ ಕಾವಲಿನಲ್ಲಿ ಮೊದಲ ದಿನ ನಡೆಯಿತು. ಎರಡನೆಯ ದಿನ ರದ್ದಾಯಿತು. ಅವರ ವಿಚಾರ ತಪ್ಪಾದರೆ ಇನ್ನೊಂದು ಸಭೆ ಕರೆದು ಹೇಳಲಿ. ಸಭೆಯನ್ನೇ ನಿಲ್ಲಿಸಿದರೆ ಹೇಗೆ? ಮೈಕು ಕಿತ್ತುಕೊಂಡವನು ಗೆದ್ದ ಅನ್ನಬಹುದು, ಉತ್ತರ ಕೊಟ್ಟ ಅನ್ನಲಾಗದು.

ಇದು ನಮಗೆ ಹೊಸದಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಮಂತ್ರಿ ಪದವಿ ಬಿಡಬೇಕಾಯಿತು. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ಅಂದು ಅವರನ್ನು ಬೆಂಬಲಿಸಿದವರು ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು. ಹಲವರಿಗೆ ಸಹಿಸಲಾಗದ ಆ ಮಾತೇ ನಮ್ಮ ಚಳವಳಿಗೆ ಕಿಡಿಯಾಯಿತು.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮ ಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು, 'ಅಣ್ಣಾ, ನೀವು ಹೇಳೋದು ತಪ್ಪು' ಅಂದರೆ ಏನು ಮಾಡುತ್ತೇವೆ? 'ಚಳವಳಿಗೆ ದ್ರೋಹ' ಅಂತ ಕೂರಿಸುತ್ತೇವೆ. ಆಗ ನಮ್ಮ ಕೈಯಲ್ಲಿರುವುದೂ ಅದೇ ಕಿತ್ತುಕೊಂಡ ಮೈಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗೆಳೆಯರೇ, ಹೊಡಿ ಕಡಿ ಅನ್ನುವ ಮಾತನ್ನು ತಡೆಯಲೇಬೇಕು. ಮಿಕ್ಕ ಮಾತು ಎಷ್ಟೇ ಉರಿಸಲಿ, ಪೂರ್ತಿ ಕೇಳಿ ಮಾತಿನಲ್ಲೇ ಎದುರಿಸೋಣ.