ಬಿಡುವಿನ ದಿನದ ಕಾಯಕ

ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಲಾಗದೆಂಬ ಕಟ್ಟಳೆಯು ಕನ್ನಡನಾಡಿನ ಅನೇಕ ಒಕ್ಕಲು ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಶಿವನ ವಾರದಂದು ಬಸವನಿಗೆ ವಿಶ್ರಾಂತಿ. ಆದರೆ ಆ ದಿನ ರೈತನು ಕೈಕಟ್ಟಿ ಕುಳಿತವನಲ್ಲ. ಎತ್ತಿನ ಮೈ ತೊಳೆಯುವುದು, ಗೊರಸು ನೋಡುವುದು, ಲಾಳ ಸವೆದಿದ್ದರೆ ಹೊಸದು ಹೊಡೆಸುವುದು, ಹರಿದ ಹಗ್ಗ ಹೊಸೆಯುವುದು, ಸಂತೆಗೆ ಹೋಗಿ ಉಪ್ಪು ಎಣ್ಣೆ ತರುವುದು ಇವೆಲ್ಲವೂ ಬಿಡುವಿನ ದಿನಕ್ಕೇ ಮೀಸಲಾಗಿದ್ದವು. ಸವೆದುದನ್ನು ಸರಿಪಡಿಸುವ ದಿನವೇ ಬಿಡುವಿನ ದಿನವೆಂದು ಹಿರಿಯರು ತಿಳಿದಿದ್ದರು.

ಈಗಿನ ಗೃಹಸ್ಥನ ಬಿಡುವು ಬೇರೆ ಬಗೆಯದು. ಸರಕಾರಿ ಕಚೇರಿಯ ಗುಮಾಸ್ತನೊಬ್ಬನನ್ನು ಭಾವಿಸಿಕೊಳ್ಳಬಹುದು. 2019ರಲ್ಲಿ ರಾಜ್ಯ ಸರಕಾರವು ನಾಲ್ಕನೆಯ ಶನಿವಾರವನ್ನೂ ರಜೆಯಾಗಿ ಕೊಟ್ಟಾಗ ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10 ದಿನಕ್ಕೆ ಇಳಿಸಿತು. ಆ ಶನಿವಾರದಂದು ಬ್ಯಾಂಕಿಗೂ ರಜೆಯೇ. 2015ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಅಲ್ಲಿ ವ್ಯವಹಾರವಿಲ್ಲ. ಆದುದರಿಂದ ತಂದೆಯ ನಿವೃತ್ತಿವೇತನಕ್ಕೆ ನವೆಂಬರಿನ ಜೀವಿತ ಪ್ರಮಾಣಪತ್ರ, ತಾಯಿಯ ಕಣ್ಣಿನ ತಪಾಸಣೆ, ತನ್ನದೇ ರಕ್ತಪರೀಕ್ಷೆ ಇವಕ್ಕಾಗಿ ಆ ಹತ್ತರಲ್ಲಿ ಒಂದನ್ನು ತೆಗೆಯಲೇಬೇಕು. ಕೂಡಲಸಂಗಮಕ್ಕೆ ಹೋಗಿಬರಬೇಕೆಂದು ಕಾಯ್ದಿರಿಸಿದ್ದ ದಿನವದು. ಸಂಜೆ ಮನೆಗೆ ಬಂದವನು ಕೈಚೀಲವನ್ನು ಮೂಲೆಗೆಸೆದು "ಒಂದು ರಜೆ ಹಾಳಾಯಿತು" ಎನ್ನುತ್ತಾನೆ. ಒಳಕೋಣೆಯಲ್ಲಿದ್ದ ತಾಯಿ ಅದನ್ನು ಕೇಳುತ್ತಾಳೆ. ಮುಂದಿನ ಸಲ ಕಣ್ಣು ಮಂಜಾದರೂ ಆಕೆ ಬಾಯಿಬಿಡುವುದಿಲ್ಲ.

ದಿನವಿಡೀ ಮಾಡಿದ ಸೇವೆಯನ್ನು ಆ ಒಂದು ಮಾತು ನುಂಗಿತು. ಕ್ಷೇತ್ರದರ್ಶನವು ಪುಣ್ಯ, ಆಸ್ಪತ್ರೆಯ ಬಾಗಿಲು ಕಾಯುವುದು ನಷ್ಟ ಎಂಬ ಲೆಕ್ಕವನ್ನು ಈ ಗೃಹಸ್ಥನು ಎಲ್ಲಿ ಕಲಿತನೋ ತಿಳಿಯದು, ಶರಣರಿಂದಂತೂ ಅಲ್ಲ. ಕಾಯಕದಲ್ಲಿ ತೊಡಗಿರುವವನಿಗೆ ಗುರುದರ್ಶನವೂ ಹಿಂದಾಗಬಹುದೆಂದು ಸಾರಿದವನು ಆಯ್ದಕ್ಕಿ ಮಾರಯ್ಯ. ಬಡವನ ಮೈಯಲ್ಲಿಯೇ ಶಿವಾಲಯವನ್ನು ಕಂಡವರು ಬಸವಣ್ಣನವರು. ವೈದ್ಯವೃತ್ತಿಯ ಸಂಗಣ್ಣನು ರೋಗ, ನಾಡಿ, ಔಷಧಗಳ ಪರಿಭಾಷೆಯಲ್ಲಿಯೇ ವಚನಗಳನ್ನು ರಚಿಸಿ ಶರಣರ ಸಾಲಿನಲ್ಲಿ ನಿಂತನು. ಊರ ಗುಡಿಯ ಗೋಡೆ ಬಿರಿದರೆ ವಂತಿಗೆಯೆತ್ತಿ ಗಾರೆ ಹಾಕಿಸುವ ಭಕ್ತರು ತಮ್ಮ ಕಾಯದ ಬಿರುಕನ್ನು ವರ್ಷಗಟ್ಟಲೆ ಮುಚ್ಚಿಡುವರೇಕೆ?

ಇಲ್ಲಿ ಮತ್ತೆ ಎತ್ತಿನ ಗೊರಸು ನೆನಪಿಗೆ ಬರುತ್ತದೆ. ಸಕ್ಕರೆ ಕಾಯಿಲೆಯು ಹಳತಾದಂತೆ ಪಾದದ ನರಗಳು ಜಡವಾಗುತ್ತವೆ. ಮುಳ್ಳು ಚುಚ್ಚಿದರೂ ಚಪ್ಪಲಿ ಕಚ್ಚಿದರೂ ನೋವು ತಿಳಿಯುವುದಿಲ್ಲ. ನೋವಿಲ್ಲದ ಹುಣ್ಣು ಕೀವುಗಟ್ಟಿ, ಕಡೆಗೆ ಕಾಲನ್ನೇ ಕಳೆದುಕೊಂಡವರುಂಟು. ಎತ್ತಿನ ಗೊರಸನ್ನು ಎತ್ತಿ ನೋಡುವ ಕೈಯೇ ತನ್ನ ಅಂಗಾಲನ್ನು ತಿರುಗಿಸಿ ನೋಡುವುದಿಲ್ಲ. ನೋಡುವುದಕ್ಕೆ ದಿನಕ್ಕೆ ಎರಡು ನಿಮಿಷ ಸಾಕು. ಕಣ್ಣು ಮಸುಕಾದ ಮುದುಕರಿಗಾದರೆ ಮನೆಯ ಮಕ್ಕಳು ನೋಡಿ ಹೇಳಬಹುದು. ಹಿರಿಯರ ಪಾದ ಮುಟ್ಟುವುದು ಮಕ್ಕಳಿಗೆ ಹೊಸತೇನೂ ಅಲ್ಲ.

ನಿಷ್ಠಾವಂತರಾದ ಕೆಲವರಿಗೆ ಬೇರೊಂದು ತೊಡಕುಂಟು. ಲಿಂಗಾರ್ಪಿತವಲ್ಲದುದನ್ನು ಬಾಯಿಗಿಡಲಾಗದು, ಆದುದರಿಂದ ಪೂಜೆ ತಡವಾದ ದಿನ ರಕ್ತದೊತ್ತಡದ ಗುಳಿಗೆಯೂ ತಪ್ಪುತ್ತದೆ. ಪರೀಕ್ಷೆಯ ಮುಂಜಾನೆ ಪೂಜೆ ಮುಗಿಸಿ, ವಾಡಿಕೆಯಂತೆ ಹಾಲು ಬಾಳೆಹಣ್ಣಿನ ಪ್ರಸಾದವನ್ನು ಸೇವಿಸಿ ಹೋಗುವವರೂ ಇದ್ದಾರೆ. ಆಗ ಬಂದ ಅಂಕೆಗೆ ಅರ್ಥವಿಲ್ಲ. ಬರಿಹೊಟ್ಟೆಯ ಸಕ್ಕರೆಯ ಪರೀಕ್ಷೆಗೆ ಕನಿಷ್ಠ 8 ಗಂಟೆ ಆಹಾರವಿಲ್ಲದಿರಬೇಕು. ಬರಿಯ ನೀರಿಗೆ ಅಡ್ಡಿಯಿಲ್ಲವಾದ್ದರಿಂದ ಪಾದೋದಕಕ್ಕೂ ಅಡ್ಡಿಯಿಲ್ಲ. ಹಾಲು ಹಣ್ಣಿನ ಪ್ರಸಾದವನ್ನು ರಕ್ತ ಕೊಟ್ಟ ಬಳಿಕ ಸ್ವೀಕರಿಸಬಹುದು. ಗುಳಿಗೆಯನ್ನೂ ಲಿಂಗಕ್ಕೆ ಅರ್ಪಿಸಿದರಾಯಿತು. ಅನ್ನವು ಪ್ರಸಾದವಾಗುವುದಾದರೆ, ಅನ್ನವನ್ನು ಅರಗಿಸುವ ದೇಹವನ್ನು ಉಳಿಸುವ ಔಷಧವು ಪ್ರಸಾದವಾಗದೆಂಬ ವಾದವು ನಿಲ್ಲಲಾರದು.

ಆಸ್ಪತ್ರೆಯ ಸರದಿಯಲ್ಲಿಯೂ ವಚನಧರ್ಮದ ಪರೀಕ್ಷೆ ನಡೆಯುತ್ತದೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಇದು ನಮಗೆ ಸಲ್ಲದು, ಇದ್ದಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ಅರಿಯದ ಭಕ್ತರಿಲ್ಲ. ಆ ಕಥೆಗೆ ತಲೆದೂಗಿದವರೇ ಪರಿಚಯದ ಕಾಂಪೌಂಡರನ ಕೈಯಲ್ಲಿ ಚೀಟಿಯಿಟ್ಟು ಹಿಂಬಾಗಿಲಿನಿಂದ ವೈದ್ಯರ ಕೋಣೆ ಹೊಕ್ಕರೆ ಏನೆನ್ನಬೇಕು? ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಹಸಿದು ಕುಳಿತ ಮುದುಕಿಯ ಅರ್ಧ ಗಂಟೆಯು ಅವರ ಉಡಿ ಸೇರಿತು. ಅದೂ ಹೆಚ್ಚಿನ ಅಕ್ಕಿಯೇ, ಆದರೆ ಹಿಂದಕ್ಕೆ ಸುರಿದು ಬರಲಾಗದ ಅಕ್ಕಿ. ಪ್ರಾಣಾಪಾಯದಲ್ಲಿರುವವರಿಗೆ ಮೊದಲು ದಾರಿ ಕೊಡುವುದು ಬೇರೆ, ಅದು ದಾಸೋಹ. ಸರದಿಯಲ್ಲಿ ಜಗಳವಾಡಿ ಒಳಹೋದವರ ರಕ್ತದೊತ್ತಡವಾದರೂ ಸರಿಯಾಗಿ ಸಿಕ್ಕೀತೇ? ಐದು ನಿಮಿಷ ಮೌನವಾಗಿ ಕುಳಿತ ಮೇಲೆ ಅಳೆಯಬೇಕಾದುದು ಅದು. ಆ ಐದು ನಿಮಿಷದಲ್ಲಿ ಷಡಕ್ಷರಿಯನ್ನು ಮನದಲ್ಲಿಯೇ ನೆನೆಯುವುದಕ್ಕೆ ಯಾವ ವೈದ್ಯರ ಅಭ್ಯಂತರವೂ ಇರಲಾರದು.

ಈ ಓಡಾಟದ ದಿನದಲ್ಲಿ ಯಾರ ಲೆಕ್ಕಕ್ಕೂ ಸಿಗದವಳು ಒಬ್ಬಳುಂಟು, ಮನೆಯ ಗೃಹಿಣಿ. ಅತ್ತೆಯ ಕಣ್ಣಿನ ಹನಿ, ಮಾವನ ಗುಳಿಗೆಯ ಹೊತ್ತು, ಮಗುವಿನ ಲಸಿಕೆಯ ದಿನ ಎಲ್ಲವೂ ಆಕೆಗೆ ಕಂಠಪಾಠ. ಮೆಟ್ಟಿಲೇರುವಾಗ ತನಗೆ ಏದುಸಿರು ಬರುವುದನ್ನು ಮಾತ್ರ ಯಾರಿಗೂ ಹೇಳಿರುವುದಿಲ್ಲ. ಹೇಳಿದರೆ ಮತ್ತೊಂದು ರಜೆ ಹಾಳಾದೀತೆಂಬ ಅಂಜಿಕೆ. ಲಕ್ಕಮ್ಮನ ಮಾತಿಗೆ ತಲೆಬಾಗಿ ಮಾರಯ್ಯನು ತಿರುಗಿ ನಡೆದನು; ಇಲ್ಲಿ ಮಾತೇ ಹೊರಡದಂತಾಗಿದೆ. ಹೆಣ್ಣಿಗೂ ಲಿಂಗವನ್ನು ಕಟ್ಟಿ ಸಮಾನಳೆಂದ ಧರ್ಮದ ಮನೆಯಲ್ಲಿ ಆಕೆಯ ದೇಹಕ್ಕೆ ಕಡೆಯ ಸರದಿ ಸಿಗುವುದು ವಿಚಿತ್ರವೇ ಸರಿ. 30 ವರ್ಷ ದಾಟಿದ ಯಾರಿಗೇ ಆಗಲಿ, ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆಗೆ ಏರ್ಪಾಡಿದೆ. ಮುಂದಿನ ರಜೆಯಂದು ತಾಯಿಯ ಹೆಸರಿಗೆ ಚೀಟಿ ಮಾಡಿಸುವ ಗೃಹಸ್ಥನು ಆಕೆಯನ್ನೂ ಜೊತೆಗೆ ಕರೆದೊಯ್ದು, ಆಕೆಯ ಹೆಸರಿಗೂ ಒಂದು ಚೀಟಿ ಮಾಡಿಸಲಿ.