ಸುಮ್ಮನಿರುವುದೂ ಒಂದು ಕರ್ಮ

ಗೋರೆಗಾಂವ್‌ನ ನಮ್ಮ ಮನೆಗಳಲ್ಲಿ ಸೀಮಂತಕ್ಕೆ ತೋರುವ ಶ್ರದ್ಧೆಯನ್ನು ಗರ್ಭಿಣಿಯ ಲಸಿಕೆಯ ವಿಷಯದಲ್ಲಿಯೂ ತೋರುತ್ತೇವೆಯೇ? “ಮಗು ಹೊಟ್ಟೆಯಲ್ಲಿರುವಾಗ ಸೂಜಿ ಏಕೆ? ಸುಮ್ಮನಿದ್ದರೆ ದೋಷವಿಲ್ಲ” ಎನ್ನುವ ಹಿರಿಯರ ಮಾತು ಮಮತೆಯಿಂದಲೇ ಬಂದುದು. ಅದು ಪೂರ್ತಿ ನಿರಾಧಾರವೂ ಅಲ್ಲ. ದಡಾರದಂಥ ಸಜೀವ ಲಸಿಕೆಗಳನ್ನು ವೈದ್ಯರೇ ಗರ್ಭಿಣಿಗೆ ಕೊಡುವುದಿಲ್ಲ. ಆದರೆ ಧನುರ್ವಾಯುವಿನ ಲಸಿಕೆ ಆ ಬಗೆಯದಲ್ಲ.

ಧನುರ್ವಾಯುವಿನ ಬೀಜಾಣು ಮಣ್ಣಿನಲ್ಲಿರುತ್ತದೆ. ಹೊಕ್ಕುಳಬಳ್ಳಿಯನ್ನು ಅಶುದ್ಧ ಉಪಕರಣದಿಂದ ಕತ್ತರಿಸಿದರೆ ಶಿಶುವನ್ನು ಸೇರುತ್ತದೆ. ಕೆಲವೇ ದಿನಗಳಲ್ಲಿ ಕೂಸು ಮೊಲೆಯುಣ್ಣಲಾರದೆ, ಮೈ ಸೆಟೆದು, ಬಹುಪಾಲು ಅಸುನೀಗುತ್ತದೆ. ತಾಯಿ ಲಸಿಕೆ ಪಡೆದಿದ್ದರೆ ಆಕೆಯ ರಕ್ತದಲ್ಲಿ ಮೂಡಿದ ರಕ್ಷಕ ಅಂಶಗಳು ಮಾಸುವಿನ ಮೂಲಕ ಶಿಶುವಿಗೂ ದೊರೆಯುತ್ತವೆ. ಲಸಿಕೆ ಹಾಗೂ ಶುದ್ಧ ಹೆರಿಗೆಗಳ ಫಲವಾಗಿ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂಬ ಮಾನ್ಯತೆ ಪಡೆಯಿತು. ಆದರೂ ಬೀಜಾಣು ಮಣ್ಣಿನಿಂದ ಹೋಗಿಲ್ಲ. ಆದುದರಿಂದ ಪ್ರತಿ ಗರ್ಭದಲ್ಲಿಯೂ ಲಸಿಕೆಯ ವಿಚಾರ ಮಾಡಲೇಬೇಕು. ಈಗ ಡಿಫ್ತೀರಿಯಾ ರಕ್ಷೆಯನ್ನೂ ಒಳಗೊಂಡ ಟಿ.ಡಿ. ಲಸಿಕೆಯನ್ನು ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮೊದಲ ಗರ್ಭಕ್ಕೆ ಎರಡು ಸಲ, ನಾಲ್ಕು ವಾರಗಳ ಅಂತರದಲ್ಲಿ.

ಸೂಜಿಯ ನೋವು ತಾಯಿಯದು; ಅದನ್ನು ಬಿಟ್ಟರೆ ಒದಗಬಹುದಾದ ವಿಪತ್ತು ಮಾತು ಬಾರದ ಕೂಸಿನದು. ಮಾಡಿದ ಕರ್ಮಕ್ಕೆ ಹೊಣೆಯಾಗುವ ನಾವು, ಮಾಡದೆ ಬಿಟ್ಟುದಕ್ಕೂ ಹೊಣೆಗಾರರಲ್ಲವೇ? ವೈದ್ಯರನ್ನು ಪ್ರಶ್ನಿಸೋಣ, ಸಂಶಯ ಪರಿಹರಿಸಿಕೊಳ್ಳೋಣ. ಭಯದಿಂದ ಸುಮ್ಮನಿದ್ದು ಅದನ್ನೇ ನಿರ್ದೋಷವೆಂದು ಭಾವಿಸುವುದು ಮಾತ್ರ ವಿವೇಕಿಗಳಿಗೆ ತಕ್ಕುದಲ್ಲ.